ಕಂಪನಿ ಸೆಟ್ಟು, ಜೋಡಿಸಿದ ಸೆಟ್ಟು

ಕುಶಾಲನಗರದಲ್ಲಿ ಕಂಪ್ಯೂಟರ್ ಅಂಗಡಿ ತೆರೆಯಲು ಹೊರಟ ಇಬ್ಬರು ಯುವಕರು ಹೋದ ತಿಂಗಳು ನನ್ನನ್ನು ನೋಡಲು ಬಂದಿದ್ದರು. ಬಿಡಿಭಾಗ ತರಿಸಿ ನಾವೇ ಜೋಡಿಸಿ ಕೊಡೋಣ ಎಂದು ಒಬ್ಬನ ವಾದ. ಕಂಪನಿಯದನ್ನೇ ಮಾರೋಣ, ತಲೆನೋವಿರುವುದಿಲ್ಲ ಎಂದು ಇನ್ನೊಬ್ಬನದು. ಜಗಳವಾಡಿ ಸಾಕಾಗಿ, ಆಯುಷ್ಯವೆಲ್ಲ ರೇಡಿಯೋ ರಿಪೇರಿ ಮಾಡಿದವನು ಹೇಳಲಿ ಎಂದು ನನ್ನಲ್ಲಿಗೆ ಬಂದಿದ್ದರು. ನಾನು ಕಾಫಿ ಕೊಟ್ಟು, ಗಂಟಲು ಸರಿಮಾಡಿಕೊಂಡು, ತುಂಬ ಹೊತ್ತು ಮಾತಾಡಿದೆ. ಅವರು ಹೋದ ಮೇಲೆ ನನ್ನ ಹೆಂಡತಿ ಕೇಳಿದಳು: "ಕಡೆಗೆ ಎಂತ ಹೇಳಿದ್ದು ನೀವು? ಜೋಡಿಸಿ ಅಂತಲೋ, ಕೊಳ್ಳಿ ಅಂತಲೋ?"

ಯೋಚಿಸಿ ನೋಡಿದರೆ ಎರಡನ್ನೂ ಹೇಳಿರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರೆದ ಮೇಲಾದರೂ ಉತ್ತರ ಸಿಕ್ಕೀತು ಎಂಬ ಭರವಸೆಯಿಲ್ಲ. ಆದರೆ ಈ ಕೆಲಸಕ್ಕೆ ಬರುವವರಿಗೆ ನಾನು ಬಿದ್ದ ಹೊಂಡಗಳು ಎಲ್ಲೆಲ್ಲಿವೆ ಎಂಬುದಾದರೂ ತಿಳಿಯಲಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಸುಂಟಿಕೊಪ್ಪದ ಒಂದು ರೇಡಿಯೋ ಅಂಗಡಿಗೆ ಮೆಕ್ಯಾನಿಕ್ ಆಗಿ ಸೇರಿದೆ. ಅದಕ್ಕೆ ಮೊದಲು ಮೈಸೂರಿನಲ್ಲಿ ಒಂದು ವರ್ಷ ರೇಡಿಯೋ ವಿದ್ಯೆ ಕಲಿತಿದ್ದೆ. ಒಂದು ವರ್ಷ ಕಲಿತವನಿಗೆ ಇರುವಷ್ಟು ಅಹಂಕಾರ ಹತ್ತು ವರ್ಷ ಕಲಿತವನಿಗೆ ಇರುವುದಿಲ್ಲ. ನನಗೂ ಇತ್ತು. ಆಗ ನಮ್ಮ ಕಡೆ ಬಹಳ ಊರುಗಳಿಗೆ ಕರೆಂಟ್ ಬಂದಿರಲಿಲ್ಲ. ರೇಡಿಯೋ ಎಂದರೆ ಹಾಲಿನ ಕ್ಯಾನಿನಷ್ಟು ಭಾರದ ಮರದ ಪೆಟ್ಟಿಗೆ. ಒಳಗೆ ಗಾಜಿನ ವಾಲ್ವುಗಳು, ಪಕ್ಕದಲ್ಲಿ ಇಟ್ಟಿಗೆಯಂಥ ಬ್ಯಾಟರಿ, ಮನೆಯ ಮಾಡಿನಿಂದ ಸಿಲ್ವರ್ ಓಕ್ ಮರದವರೆಗೆ ಏರಿಯಲ್ ತಂತಿ. ಒಂದೂರಿನಲ್ಲಿ ಒಬ್ಬರ ಮನೆಗೆ ರೇಡಿಯೋ ಬಂದರೆ ಅವರಿಗೆ ನೆಂಟರು ಹೆಚ್ಚಾಗುತ್ತಿದ್ದರು.

ಅಂಗಡಿಯ ಯಜಮಾನರು ಗುರುಶಾಂತಪ್ಪನವರು, ಕೊಡ್ಲಿಪೇಟೆ ಕಡೆಯವರು. ಅವರ ತಂದೆ ಏಲಕ್ಕಿ ವ್ಯಾಪಾರಿ. ಇವರು ಏಲಕ್ಕಿ ಬಿಟ್ಟು ರೇಡಿಯೋಗೆ ಬಂದಿದ್ದರೂ ಮಾರುವ ಕ್ರಮ ಅದೇ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು, ಗಾಜಿನ ಕಪಾಟಿನಲ್ಲಿದ್ದ ಕಂಪನಿ ಸೆಟ್ಟುಗಳನ್ನು ಒಂದೊಂದಾಗಿ ಒರೆಸಿ, ಹಸುವಿನ ಬೆನ್ನಿನ ಮೇಲೆ ಕೈಯಿಟ್ಟಂತೆ ಅವುಗಳ ಮೇಲೆ ಕೈಯಿಟ್ಟು ಕೂರುತ್ತಿದ್ದರು. ರೇಡಿಯೋದ ಒಳಗೇನಿದೆ ಎಂದು ಅವರು ಒಮ್ಮೆಯೂ ಇಣುಕಿ ನೋಡಿದವರಲ್ಲ.

ನನಗೋ ಒಳಗಿರುವುದೇ ರೇಡಿಯೋ. ಬಿಡಿಭಾಗಗಳನ್ನು ಬೆಂಗಳೂರಿನಿಂದ ತರಿಸಿ ನಾನೇ ಜೋಡಿಸಬೇಕು ಎಂಬುದೊಂದು ಹುಚ್ಚು. ಯಜಮಾನರಿಗೆ ಅದು ಹಿಡಿಸುತ್ತಿರಲಿಲ್ಲ.

"ನೋಡಪ್ಪಾ ಬೆಳ್ಯಪ್ಪ," ಎನ್ನುತ್ತಿದ್ದರು. "ಕಂಪನಿ ಸೆಟ್ಟು ಕೆಟ್ರೆ ಗಿರಾಕಿ ಕಂಪನಿಯವ್ರನ್ನ ಬಯ್ತಾನೆ. ನೀನು ಜೋಡ್ಸಿದ್ದು ಕೆಟ್ರೆ ಸೀದಾ ನನ್ ಬಾಗಿಲಿಗೆ ಬರ್ತಾನೆ."

"ನಾನು ಜೋಡಿಸಿದ್ದು ಕೆಡೋದಿಲ್ಲ ಯಜಮಾನ್ರೆ."

"ಮೊದಲ್ನೇದು ಏನಾಯ್ತಪ್ಪ?"

ಮೊದಲನೆಯದರ ಸುದ್ದಿ ಹೇಳಲೇಬೇಕು. ಅದನ್ನು ಒಂದು ಬಿಸ್ಕತ್ತಿನ ಡಬ್ಬದೊಳಗೆ ಜೋಡಿಸಿ ಮನೆಗೆ ಒಯ್ದಿದ್ದೆ. ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿ, ಸಣ್ಣ ಭಾಷಣ ಮಾಡಿ, ಸ್ವಿಚ್ಚು ಹಾಕಿದೆ. ಕಾಲು ತುಳಿಸಿಕೊಂಡ ನಾಯಿಮರಿಯಂತೆ ಅದು ಕೂಗತೊಡಗಿತು. ಒಂದು ತಿರುಪು ತಿರುಗಿಸಿದರೆ ಇನ್ನೂ ಸಣ್ಣ ದನಿಯಲ್ಲಿ ಕೂಗಿತು. ಹೊರಗಿನ ನಿಜವಾದ ನಾಯಿ ಅದಕ್ಕೆ ಉತ್ತರ ಕೊಟ್ಟಿತು. ನೆರೆಯವರು ಮರ್ಯಾದೆಗೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು. ನನ್ನ ಅವ್ವ ಮಾತ್ರ ಡಬ್ಬದ ಹತ್ತಿರ ಬಂದು, ನಮ್ಮ ಅರೆಭಾಷೆಯಲ್ಲಿ ಮೆಲ್ಲಗೆ, "ಅದ್ಕೆ ಎಂತೋ ನೋವು ಉಟ್ಟು ಮಗ, ಬುಟ್ಟ್‌ಬುಡ್" ಎಂದಳು.

ಹಾಗೆಂದು ಕಂಪನಿ ಸೆಟ್ಟುಗಳ ಮುಂದೆ ನಾನು ಗೆದ್ದವನೇನೂ ಅಲ್ಲ. ಯಜಮಾನರ ಭಾವನ ಮನೆ ಕೊಡ್ಲಿಪೇಟೆಯಲ್ಲಿ. ಅವರ ಹೊಸ ಸೆಟ್ಟು ಮಾತಾಡುತ್ತಿಲ್ಲ ಎಂದು ನನ್ನನ್ನು ಕಳಿಸಿದರು. ಬಸ್ಸು ಹಿಡಿದು ಹೋಗಿ, ಇದ್ದಿಲ ಒಲೆಯಲ್ಲಿ ಬೆಸುಗೆ ಕಡ್ಡಿ ಕಾಯಿಸಿಕೊಂಡು, ಸೆಟ್ಟನ್ನು ಪೂರಾ ಬಿಚ್ಚಿ ಜಮಖಾನದ ಮೇಲೆ ಹರವಿದೆ. ಮನೆಯವರು ಗೌರವದಿಂದ ಸುತ್ತ ನಿಂತು ನೋಡುತ್ತಿದ್ದರು. ಮಧ್ಯಾಹ್ನದ ಊಟ ಬಡಿಸಿದರು, ಹೋಳಿಗೆ ಹಾಕಿದರು. ಸಂಜೆಯ ಹೊತ್ತಿಗೆ ಎಲ್ಲವನ್ನೂ ಮತ್ತೆ ಕೂಡಿಸಿ ನೋಡಿದಾಗ ತಿಳಿಯಿತು, ಮುಂದಿನ ಗುಂಡಿ ರೇಡಿಯೋದ ಬದಲು ಗ್ರಾಮಫೋನಿನ ಕಡೆಗೆ ತಿರುಗಿಕೊಂಡಿತ್ತು ಅಷ್ಟೆ. ಅದನ್ನು ಈಚೆಗೆ ತಿರುಗಿಸಿದ ಕೂಡಲೇ ಮೈಸೂರು ಬಂತು. "ದೊಡ್ಡ ರಿಪೇರಿ ಆಯ್ತೇನಪ್ಪ?" ಎಂದು ಭಾವನವರು ಕೇಳಿದರು. ಹೋಳಿಗೆ ಇನ್ನೂ ಹೊಟ್ಟೆಯಲ್ಲಿತ್ತು. "ಸಾಧಾರಣ" ಎಂದೆ.

ಇದರಿಂದಲೂ ಬುದ್ಧಿ ಬರಲಿಲ್ಲ. ಕಂಪನಿಯವರು ಮಾಡುವ ಒಂದೊಂದು ಅನುಕೂಲವೂ ನನಗೆ ಅವಮಾನದಂತೆ ಕಾಣುತ್ತಿತ್ತು. ಅವರ ಬ್ಯಾಟರಿಯ ಪ್ಲಗ್ಗನ್ನೇ ತೆಗೆದುಕೊಳ್ಳಿ. ಆ ಬ್ಯಾಟರಿಯೊಳಗೆ ಎರಡು ಬಗೆಯ ಶಕ್ತಿ ಇರುತ್ತಿತ್ತು. ವಾಲ್ವಿನೊಳಗಿನ ಕೂದಲೆಳೆಯಂಥ ತಂತಿಯನ್ನು ಕಾಯಿಸಲು ಸಣ್ಣದೊಂದು, ಉಳಿದ ಕೆಲಸಕ್ಕೆ ದೊಡ್ಡದೊಂದು. ದೊಡ್ಡದು ತಪ್ಪಿ ಸಣ್ಣದರ ಜಾಗಕ್ಕೆ ಹೋದರೆ ಎಲ್ಲ ವಾಲ್ವುಗಳೂ ಒಟ್ಟಿಗೇ ಸುಟ್ಟುಹೋಗುತ್ತವೆ. ಅದಕ್ಕಾಗಿ ಕಂಪನಿಯವರು ಪ್ಲಗ್ಗಿನ ಒಂದು ಕಡ್ಡಿ ದಪ್ಪ, ಒಂದು ಸಪೂರ ಮಾಡಿ, ತಿರುಗಾಮುರುಗಾ ಹಾಕಿದರೆ ಒಳಗೇ ಹೋಗದ ಹಾಗೆ ಮಾಡಿದ್ದರು. "ಇದು ಬುದ್ಧಿಯಿಲ್ಲದವರಿಗಾಗಿ ಮಾಡಿದ್ದು" ಎಂದು ಅಂಗಡಿಗೆ ಬಂದವರಿಗೆಲ್ಲ ನಾನು ವಿವರಿಸುತ್ತಿದ್ದೆ. ನನ್ನ ಸೆಟ್ಟುಗಳಲ್ಲಿ ಪ್ಲಗ್ಗು ಇರಲಿಲ್ಲ. ಬರಿಯ ತಂತಿಯ ತುದಿಗಳನ್ನು ಬ್ಯಾಟರಿಯ ತೂತಿಗೆ ಸಿಕ್ಕಿಸುವುದು. ಯಾವುದು ಯಾವುದೆಂದು ತಿಳಿಯಲು ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು ಗಂಟು ಹಾಕಿಡುತ್ತಿದ್ದೆ. ಅದನ್ನು ದೊಡ್ಡ ಉಪಾಯ ಎಂದುಕೊಂಡಿದ್ದೆ.

ಹೀಗಿರುವಾಗ ಒಂದು ಸಂತೆ ದಿನ ಚೆಟ್ಟಳ್ಳಿಯ ಸುಬೇದಾರ್ ಚಂಗಪ್ಪನವರು ಅಂಗಡಿಗೆ ಬಂದರು. ಸೈನ್ಯದಲ್ಲಿದ್ದು ಪೆನ್ಷನ್ ಮೇಲೆ ಬಂದವರು. ರೆಜಿಮೆಂಟಿನ ಹಾಕಿ ತಂಡದಲ್ಲಿ ಆಡಿದವರು ಎಂದು ಸುತ್ತಲಿನವರಿಗೆಲ್ಲ ಗೊತ್ತಿತ್ತು. ಊರಿಗೆ ಬಂದ ಮೇಲೆ ಕಣ್ಣು ಮಂಜಾಗುತ್ತ ಹೋಗಿ, ಈಗ ಬೆಳಕು ಯಾವ ಕಡೆ ಎಂಬುದಷ್ಟೇ ಕಾಣುತ್ತಿತ್ತು. ಹೆಂಡತಿ ಬೋಜವ್ವ ಕೈಹಿಡಿದು ಕರೆತಂದಿದ್ದರು.

ಯಜಮಾನರು ಒಳ್ಳೆಯ ಕಂಪನಿ ಸೆಟ್ಟೊಂದನ್ನು ಅವರ ಮುಂದಿಟ್ಟರು. ಸುಬೇದಾರರು ಎರಡೂ ಕೈಯಿಂದ ಅದನ್ನು ಸವರಿ ನೋಡಿದರು. ಮುಂದೆ ಮೂರು ಗುಂಡಿಗಳು, ಮೂರೂ ಒಂದೇ ಗಾತ್ರ, ಒಂದೇ ನುಣುಪು.

"ಯಾವುದು ಎಂತದು ಅಂತ ನನಗೆ ಹೇಗೆ ಗೊತ್ತಾಗೋದು?" ಎಂದು ಕೇಳಿದರು. "ದೆಹಲಿ ಎಲ್ಲಿ ಉಂಟು, ಸಿಲೋನ್ ಎಲ್ಲಿ ಉಂಟು ಅಂತ ಹೇಗೆ ನೋಡೋದು? ಪ್ರತಿ ಸಲ ಇವಳನ್ನ ಕರೀಬೇಕಾ?"

ಯಜಮಾನರು ಸೆಟ್ಟನ್ನು ಇನ್ನೊಮ್ಮೆ ಒರೆಸಿದರು. ಮಾರುವ ಮಾತು ಅವರ ಬಾಯಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹಿಂದಿನ ಮೇಜಿನಿಂದ ಎದ್ದು ಬಂದು, "ಸುಬೇದಾರ್ರೆ, ನಿಮ್ಮ ಕೈಗೆ ಗೊತ್ತಾಗೋ ಹಾಗೆ ನಾನು ಜೋಡಿಸಿ ಕೊಡ್ತೇನೆ" ಎಂದೆ. ಯಜಮಾನರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಬಿಸ್ಕತ್ತು ಡಬ್ಬ ಪೂರ್ತಿಯಾಗಿ ಇತ್ತು.

ಆ ಸೆಟ್ಟಿಗೆ ನಾನು ಪಟ್ಟ ಶ್ರಮವನ್ನು ಇನ್ನಾವುದಕ್ಕೂ ಪಟ್ಟಿಲ್ಲ. ಪೆಟ್ಟಿಗೆಯನ್ನು ಕೋವಿಗೆ ಹಿಡಿ ಮಾಡುವ ಆಚಾರಿಯಿಂದ ಬೀಟೆ ಮರದಲ್ಲಿ ಮಾಡಿಸಿದೆ. ಅವರಿಗೆ ಕೋವಿಯ ಅಭ್ಯಾಸ, ಹೀಗಾಗಿ ಪೆಟ್ಟಿಗೆ ನೋಡಿದವರು ಒಳಗೆ ಮದ್ದುಗುಂಡು ಇದೆ ಎಂದುಕೊಳ್ಳುತ್ತಿದ್ದರು. ದನಿ ಹೆಚ್ಚು ಕಡಿಮೆ ಮಾಡುವುದಕ್ಕೆ ಹಳೆಯ ಕೊಡೆಯ ಹಿಡಿಯ ತುಂಡು. ಸ್ಟೇಷನ್ ಹುಡುಕುವುದಕ್ಕೆ ಅಂಗೈಯಗಲದ ಮರದ ಗಾಲಿ, ದೆಹಲಿ ಬರುವ ಕಡೆ ಅರದಿಂದ ಉಜ್ಜಿ ಒಂದು ಕಚ್ಚು, ಸಿಲೋನಿಗೆ ಎರಡು. ಬೆರಳಿಗೆ ಕಚ್ಚು ಸಿಕ್ಕಿದರೆ ಸ್ಟೇಷನ್ ಸಿಕ್ಕಿದಂತೆ. ನೋಡುವವರಿಗೆಂದು ಮುಂದೆ ಕಾಗದದ ಮೇಲೆ ಶಾಯಿಯಲ್ಲಿ ಊರುಗಳ ಹೆಸರನ್ನೂ ಬರೆದಿದ್ದೆ. ಅದರಲ್ಲಿ ಮುಳ್ಳು ಮೈಸೂರಿನ ಮೇಲೆ ನಿಂತರೆ ಸಿಲೋನ್ ಹಾಡುತ್ತಿತ್ತು. ನನ್ನ ಅದೃಷ್ಟಕ್ಕೆ ಆ ಸೆಟ್ಟು ಕೊಂಡವರು ಅದನ್ನು ನೋಡುವಂತಿರಲಿಲ್ಲ.

ಆಗ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಸುಬೇದಾರರ ಪರವಾಗಿ ನಾನೇ ಹೋದೆ. ಯಾವ ಕಂಪನಿಯ ಸೆಟ್ಟು ಎಂದು ಪೋಸ್ಟ್ ಮಾಸ್ತರರು ಕೇಳಿದರು. ಎದೆಯುಬ್ಬಿಸಿ ನನ್ನ ಹೆಸರು ಹೇಳಿದೆ.

"ಈ ಕಂಪನಿ ಎಲ್ಲಿರೋದು? ಬೊಂಬಾಯಿಯಾ?"

"ಇಲ್ಲ ಸಾರ್, ಇಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ."

ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, ಮುಂದೆ ಏನೂ ಕೇಳದೆ ಮೊಹರು ಒತ್ತಿದರು.

ಸೆಟ್ಟು ಹಾಡಿತು. ಒಂದು ವರ್ಷ ಹಾಡಿತು, ಎರಡು ವರ್ಷ ಹಾಡಿತು. ಸುಬೇದಾರರು ಬೆಳಿಗ್ಗೆ ಎದ್ದು ಗಾಲಿಯ ಮೇಲೆ ಬೆರಳಾಡಿಸಿ ದೆಹಲಿ ಹಿಡಿಯುತ್ತಿದ್ದರು. ಬೋಜವ್ವನವರಿಗೆ ಸಿಲೋನಿನ ಹಾಡು ಇಷ್ಟ ಎಂದು ಮಧ್ಯಾಹ್ನ ಎರಡು ಕಚ್ಚಿಗೆ ತಿರುಗಿಸಿಡುತ್ತಿದ್ದರು. ನಾನು ಚೆಟ್ಟಳ್ಳಿ ಕಡೆ ಯಾವ ಎಸ್ಟೇಟಿಗೆ ರಿಪೇರಿಗೆ ಹೋದರೂ ಬೇಕೆಂದೇ ಸುತ್ತುಬಳಸಿ ಅವರ ಮನೆಯ ಮುಂದೆ ಹಾದು ಬರುತ್ತಿದ್ದೆ, ನನ್ನ ಸೆಟ್ಟಿನ ದನಿ ರಸ್ತೆಗೆ ಕೇಳುತ್ತದೋ ಎಂದು. ಕೇಳುತ್ತಿತ್ತು. ಆ ದಿನವೆಲ್ಲ ನನ್ನ ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ.

ಆಮೇಲೆ ಟೋಕಿಯೋ ಒಲಿಂಪಿಕ್ಸ್ ಬಂತು. ಹಾಕಿ ಫೈನಲ್ಲು, ಎದುರಿಗೆ ಪಾಕಿಸ್ತಾನ. ಅದರ ಹಿಂದಿನ ಒಲಿಂಪಿಕ್ಸಿನಲ್ಲಿ ಇವರ ಕೈಯಲ್ಲೇ ನಾವು ಸೋತಿದ್ದೆವು. ಕೊಡಗಿನಲ್ಲಿ ಹಾಕಿ ಎಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ನಾಲ್ಕು ವರ್ಷ ಸುಬೇದಾರರ ಎದುರಿಗೆ ಯಾರೂ ಆ ಸೋಲಿನ ಮಾತೆತ್ತಿರಲಿಲ್ಲ ಎಂದರೆ ಸಾಕು.

ಕಾವೇರಿ ಸಂಕ್ರಮಣ ಮುಗಿದು ವಾರವಾಗುತ್ತ ಬಂದಿತ್ತು. ಕಾಫಿ ಹಣ್ಣಿನ ಪಿಕ್ಕಿಂಗ್ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಸುಬೇದಾರರ ಮನೆಯ ಮುಂದಿನ ಕಾಫಿ ಒಣಗಿಸುವ ಕಣ ಖಾಲಿ ಇತ್ತು. ಜಪಾನಿನಲ್ಲಿ ಮಧ್ಯಾಹ್ನವಾದರೆ ನಮಗೆ ಇನ್ನೂ ಬೆಳಗಿನ ಹೊತ್ತು. ಆ ಹೊತ್ತಿಗೇ ಕಣ ತುಂಬಿತು. ಎಸ್ಟೇಟಿನ ಲೈನ್ ಮನೆಗಳಲ್ಲಿದ್ದ ಆಳುಗಳು, ಲೆಕ್ಕ ಬರೆಯುವ ಎಸ್ಟೇಟ್ ರೈಟರ್, ಶಾಲೆಯ ಮೇಷ್ಟ್ರು, ಕೆಲಸ ಬಿಟ್ಟು ಬಂದ ಜೀಪ್ ಡ್ರೈವರುಗಳು. ಬೋಜವ್ವ ಹಂಡೆಯಲ್ಲಿ ಕಾಫಿ ಕಾಯಿಸಿದ್ದರು. ಜಗಲಿಯ ಮೇಲೆ ಬೀಟೆ ಮರದ ಪೆಟ್ಟಿಗೆ, ಅದರ ಪಕ್ಕದ ಕುರ್ಚಿಯಲ್ಲಿ ಕೋಟು ತೊಟ್ಟ ಸುಬೇದಾರರು, ಈ ಕಡೆ ನಾನು. ನನಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಪೆಟ್ಟಿಗೆ ಮಾಡಿದವನು ಪೆಟ್ಟಿಗೆಯ ಹತ್ತಿರ ಇರಬೇಕೆಂದು ನಾನೇ ಒಂದನ್ನು ಎಳೆದುಕೊಂಡಿದ್ದೆ. ಯಜಮಾನರೂ ಬಂದಿದ್ದರು. ಮುಂದಿನ ಎಸ್ಟೇಟ್ ಬಂಗಲೆಗೆ ಕೊಡಬೇಕಾಗಿದ್ದ ಒಂದು ಹೊಸ ಕಂಪನಿ ಸೆಟ್ಟನ್ನು ಜೀಪಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದವರು ಮ್ಯಾಚು ಕೇಳಿಕೊಂಡು ಹೋಗೋಣವೆಂದು ಇಳಿದಿದ್ದರು. ಜೀಪನ್ನು ಕೆಳಗೆ ರಸ್ತೆಯಲ್ಲೇ ನಿಲ್ಲಿಸಿದ್ದರು.

ಮೊದಲರ್ಧ ಮುಗಿಯಿತು. ಎರಡು ಕಡೆಯೂ ಗೋಲಿಲ್ಲ. ಹಿಂದಿ ಕಾಮೆಂಟರಿಯನ್ನು ಸುಬೇದಾರರು ಅಲ್ಲಲ್ಲಿ ಕನ್ನಡಕ್ಕೆ ಮಾಡಿ ಹೇಳುತ್ತಿದ್ದರು. ಕಣದ ಕೊನೆಯಲ್ಲಿದ್ದ ಯಾರೋ, "ಇಲ್ಲಿಗೆ ಸರಿಯಾಗಿ ಕೇಳೋದಿಲ್ಲ" ಎಂದರು.

ಬ್ಯಾಟರಿ ಸ್ವಲ್ಪ ಇಳಿದಿತ್ತು, ನಿಜ. ನಾನು ಹೊಸದೊಂದನ್ನು ಜೊತೆಗೇ ತಂದಿದ್ದೆ. ಎದ್ದು ನಿಂತೆ.

"ಕೇಳ್ತಾ ಉಂಟಲ್ಲ, ಬಿಡು," ಎಂದರು ಸುಬೇದಾರರು.

"ಒಂದು ನಿಮಿಷ ಸುಬೇದಾರ್ರೆ. ದನಿ ಎಸ್ಟೇಟ್ ಗೇಟಿನವರೆಗೆ ಹೋಗ್ತದೆ, ನೋಡಿ."

ಅಷ್ಟೊಂದು ಜನರ ಮುಂದೆ ಸುಮ್ಮನೆ ಬ್ಯಾಟರಿ ಬದಲಿಸಲು ನನ್ನಿಂದಾಗಲಿಲ್ಲ. ಜನರ ಕಡೆ ಮುಖ ಮಾಡಿಕೊಂಡು, ಬ್ಯಾಟರಿಯಲ್ಲಿ ಎರಡು ಬಗೆಯ ಶಕ್ತಿ ಇರುತ್ತದೆಂದೂ, ಅವನ್ನು ಅದಲು ಬದಲು ಮಾಡಿದರೆ ಅನಾಹುತವಾಗುತ್ತದೆಂದೂ, ಅದಕ್ಕಾಗಿ ನಾನು ಕಂಡುಹಿಡಿದಿರುವ ಗಂಟಿನ ಉಪಾಯ ಹೀಗೆಂದೂ ವಿವರಿಸುತ್ತ, ಬೆನ್ನ ಹಿಂದೆ ಕೈಯಾಡಿಸಿ ತಂತಿಗಳನ್ನು ಸಿಕ್ಕಿಸುತ್ತಿದ್ದೆ. 'ಅನಾಹುತ' ಎಂಬ ಮಾತು ಮುಗಿಯುವ ಹೊತ್ತಿಗೆ ಪೆಟ್ಟಿಗೆಯೊಳಗೆ ಟಿಕ್ ಎಂದಿತು. ಹೊಗೆಯಿಲ್ಲ, ವಾಸನೆಯಿಲ್ಲ. ಮತ್ತೆ ಏನೂ ಇಲ್ಲ.

ಬೋಜವ್ವ ಒಳಗಿನಿಂದ ಬಂದು, "ಎಂತ ಆಚಿ?" ಎಂದು ಕೊಡವ ತಕ್ಕಿನಲ್ಲಿ ಕೇಳಿದರು. ಏನಾಯಿತೆಂದು ಹೇಳಲು ನನಗೆ ಯಾವ ಭಾಷೆಯೂ ಬರಲಿಲ್ಲ.

ಯಜಮಾನರು ಮೆಟ್ಟಿಲು ಹತ್ತಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಷ್ಟು ವಾಲ್ವು ಹೋಯ್ತು?"

"ಎಲ್ಲಾ."

"ಬೇರೆ?"

"ಅಂಗಡೀಲಿ ಉಂಟು."

ಅಂಗಡಿ ಸುಂಟಿಕೊಪ್ಪದಲ್ಲಿತ್ತು. ಹೋಗಿ ಬರುವುದರೊಳಗೆ ಆಟ ಮುಗಿದಿರುತ್ತದೆ. ಕಣದಲ್ಲಿ ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಬೇದಾರರು ಗಾಲಿಯ ಮೇಲೆ ಬೆರಳಿಟ್ಟುಕೊಂಡು, ಕಚ್ಚು ಸಿಗುವವರೆಗೆ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಮತ್ತೆ ಕಚ್ಚಿಗೆ ತಂದು ನಿಲ್ಲಿಸಿದರು. ಆಮೇಲೆ ಯಾರಿಗೂ ಅಲ್ಲದೆ, "ಈಗ ಶುರುವಾಗಿರಬಹುದು" ಎಂದರು.

ಆ ಮಾತು ಕೇಳಿ ಯಜಮಾನರು ಕೆಳಗೆ ರಸ್ತೆಯ ಕಡೆ ನೋಡಿದರು. ಮತ್ತೆ ತಮ್ಮ ಜೀಪಿನ ಡ್ರೈವರ್ ಮೊಯ್ದುವನ್ನು ಕರೆದರು.

"ಮೊಯ್ದು, ಆ ಪೆಟ್ಟಿಗೆ ಹೊತ್ಕೊಂಡ್ ಬಾ."

"ಅದು ಬಂಗಲೆದಲ್ವಾ ಮೊದಲಾಳಿ?"

"ಬಂಗಲೆಯವ್ರಿಗೆ ನಾನು ಹೇಳ್ಕೊತೀನಿ. ನೀನು ತಗೊಂಬಾ."

ಪೆಟ್ಟಿಗೆ ರಸ್ತೆಯಿಂದ ಏರು ಹತ್ತಿ ಬರುವುದಕ್ಕೇ ಹೊತ್ತು ಹಿಡಿಯಿತು. ಅದಕ್ಕೆ ಹೊಡೆದಿದ್ದ ಮೊಳೆಗಳೋ, ಹೊಳೆಯ ಸೇತುವೆಗೆ ಹೊಡೆದಂತಿದ್ದವು. ನಾನು ಕಟಿಂಗ್ ಪ್ಲೇಯರ್ ಹಿಡಿದು ಮುಂದೆ ಬಂದೆ. ಯಜಮಾನರು ತಮ್ಮ ಕೈ ಅಡ್ಡ ಹಿಡಿದು, "ನೀನು ಸ್ವಲ್ಪ ಆ ಕಡೆ ಕೂತ್ಕೊಳಪ್ಪಾ" ಎಂದರು. ಅವರು ಅಷ್ಟು ಮೃದುವಾಗಿ ನನ್ನೊಡನೆ ಮಾತಾಡಿದ್ದು ಅಪರೂಪ. ಮೊಯ್ದು ಕತ್ತಿಯಿಂದ ಹಲಗೆ ಕಿತ್ತ. ಹುಲ್ಲು ತೆಗೆದು ಸೆಟ್ಟನ್ನೂ ಅದರ ಬ್ಯಾಟರಿಯನ್ನೂ ಹೊರಗಿಟ್ಟರು. ಜೀವಮಾನದಲ್ಲಿ ರೇಡಿಯೋದ ಬೆನ್ನು ನೋಡದ ನನ್ನ ಯಜಮಾನರು ಆ ಪ್ಲಗ್ಗನ್ನು ಹಿಡಿದು, ಒಮ್ಮೆ ಒತ್ತಿ ನೋಡಿದರು. ಹೋಗಲಿಲ್ಲ. ತಿರುಗಿಸಿ ಒತ್ತಿದರು. ಹೋಯಿತು. ಸೆಟ್ಟಿಗೆ ಜೀವ ಬಂತು. ಬುದ್ಧಿಯಿಲ್ಲದವರಿಗಾಗಿ ಮಾಡಿದ್ದು ಎಂದು ನಾನು ಹೇಳುತ್ತಿದ್ದುದು ಸರಿಯೇ ಇತ್ತು. ಯಾರು ಆ ಬುದ್ಧಿಯಿಲ್ಲದವರು ಎಂಬುದು ಮಾತ್ರ ತಿಳಿದಿರಲಿಲ್ಲ.

ಆದರೆ ಬಂದದ್ದು ಬರಿಯ ಸರಸರ ಸದ್ದು. ಏರಿಯಲ್ ಬೇಕಿತ್ತು. ಯಜಮಾನರು ನನ್ನ ಕಡೆ ನೋಡಿದರು. ಸಿಲ್ವರ್ ಓಕಿನಿಂದ ಬಂದಿದ್ದ ನನ್ನ ತಂತಿಯನ್ನು ತೆಗೆದು ಹೊಸ ಸೆಟ್ಟಿಗೆ ಸಿಕ್ಕಿಸಿದೆ, ಈ ಸಲ ಯಾವ ಭಾಷಣವೂ ಇಲ್ಲದೆ, ಎರಡೂ ಕಣ್ಣು ಅದರ ಮೇಲೆಯೇ ಇಟ್ಟು. ದನಿ ತುಂಬಿ ಬಂತು. ಸುಬೇದಾರರು ಕೈಚಾಚಿ ಸ್ಟೇಷನ್ ಸರಿಮಾಡಲು ಹೋಗಿ, ಮೂರು ನುಣುಪು ಗುಂಡಿಗಳ ಮೇಲೆ ಬೆರಳಾಡಿಸಿ, ಕೈ ಹಿಂದೆ ತೆಗೆದುಕೊಂಡರು. "ನೀನೇ ತಿರುಗಿಸು" ಎಂದರು. "ನಿಧಾನ... ಇನ್ನೊಂದಿಷ್ಟು... ಹಾ, ಅಲ್ಲೇ."

ಭಾರತ ಒಂದು ಗೋಲು, ಪಾಕಿಸ್ತಾನ ಇಲ್ಲ ಎಂದು ಸುಬೇದಾರರು ಹೇಳಿದಾಗ ಕಣಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎಲ್ಲರೂ ಎದ್ದು ನಿಂತರು. ನಿಂತವರು ಆಟ ಮುಗಿಯುವವರೆಗೆ ಕೂರಲಿಲ್ಲ. ಕೊನೆಯ ಹೊತ್ತಿನಲ್ಲಿ ಎದುರಿನವರು ಮತ್ತೆ ಮತ್ತೆ ನುಗ್ಗಿ ಬರುತ್ತಿದ್ದರಂತೆ. ಸುಬೇದಾರರು ಕನ್ನಡ ಮಾಡಿ ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದರು. ಅವರ ಮುಖ ನೋಡಿಯೇ ಜನ ಆಟ ತಿಳಿದುಕೊಳ್ಳುತ್ತಿದ್ದರು. ಕಡೆಗೆ ಆ ಮುಖ ಸಡಿಲವಾಯಿತು. ಗೆದ್ದೆವು. ಯಾರೋ ಒಳಗಿನಿಂದ ಕೋವಿ ತಂದು ಆಕಾಶಕ್ಕೊಂದು ಗುಂಡು ಹಾರಿಸಿದರು. ಯಜಮಾನರು ಮೊಯ್ದುವನ್ನು ತಬ್ಬಿಕೊಂಡು ನಿಂತಿದ್ದರು.

ಕಾಫಿ ಲೋಟ ಕೈಗೆ ಬಂದ ಮೇಲೆ ಎಸ್ಟೇಟ್ ರೈಟರ್ ಕೇಳಿದರು: "ಅಲ್ಲ, ಆ ಗೋಲು ಹೊಡೆದದ್ದು ಹೇಗೆ?"

ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾವು ಮೊಳೆ ಕೀಳುತ್ತಿದ್ದೆವು. ಇಡೀ ಕಣ ನನ್ನ ಕಡೆ ತಿರುಗಿತು. ನಾಲ್ಕು ವರ್ಷ ಕಾದ ಒಂದು ಗೋಲು, ಅದನ್ನೂ ನಾನು ನುಂಗಿಹಾಕಿದ್ದೆ. ನಾನು ಲೋಟದ ತಳ ನೋಡುತ್ತ ನಿಂತೆ.

ಸುಬೇದಾರರು ಎದ್ದರು. ಕೈಯಲ್ಲಿದ್ದ ಬೆತ್ತವನ್ನು ತಲೆಕೆಳಗು ಮಾಡಿ, ಕೊಕ್ಕೆ ನೆಲಕ್ಕೆ ಬರುವಂತೆ ಹಿಡಿದರು. "ಹೇಗೆ ಹೊಡೆದಿರ್ತಾರೆ ಅಂತ ನಾನು ಹೇಳ್ತೇನೆ" ಎಂದು ಜಗಲಿಯಿಂದ ಕಣಕ್ಕೆ ಇಳಿದರು. ಬೋಜವ್ವ ಕೈಹಿಡಿಯಲು ಬಂದರೆ ಬೇಡವೆಂದರು.

ನಮ್ಮವನೊಬ್ಬ ಮಧ್ಯದ ಗೆರೆಯ ಹತ್ತಿರ ಚೆಂಡು ಹಿಡಿದ. ಅಲ್ಲಿಂದ ಬಲಗಡೆಗೆ ಕೊಟ್ಟ. ಬಲಗಡೆಯವನು ಗೆರೆಯಂಚಿನಲ್ಲೇ ಓಡಿದ. ಎದುರಿಗೆ ಒಬ್ಬ ಬಂದ, ಅವನನ್ನು ದಾಟಿದ. ಇನ್ನೊಬ್ಬ ಬಂದ, ಸ್ಟಿಕ್ಕು ತಿರುಗಿಸಿ ಅವನನ್ನೂ ದಾಟಿದ. ಸುಬೇದಾರರ ಬೆತ್ತ ನೆಲದ ಮೇಲೆ ಹಾಗೂ ಹೀಗೂ ಹೊರಳುತ್ತಿತ್ತು. ಜನ ಹಿಂದೆ ಸರಿದು ದಾರಿ ಬಿಟ್ಟರು. ಮೂರನೆಯವನನ್ನು ದಾಟಿಸುವಾಗ ಅವರು ಒಂದು ಕ್ಷಣ ನಿಂತು, ಭುಜವನ್ನು ಒಂದು ಕಡೆಗೆ ವಾಲಿಸಿ, ಹೆಜ್ಜೆಯನ್ನು ಇನ್ನೊಂದು ಕಡೆಗೆ ಇಟ್ಟರು. ಆ ಹೆಜ್ಜೆಯಲ್ಲಿ ಕಣ್ಣು ಕಾಣದವರು ಯಾರೂ ಇರಲಿಲ್ಲ. "ಗೋಲಿಯವನು ಮುಂದೆ ಬಂದ," ಎಂದರು. "ಇವನು ಹೊಡೀಲಿಲ್ಲ. ಕಾದ. ಅವನು ಬೀಳೋವರೆಗೆ ಕಾದ. ಬಿದ್ದ ಮೇಲೆ ಮೆಲ್ಲಗೆ, ಹೀಗೆ." ಬೆತ್ತದ ತುದಿ ನೆಲವನ್ನು ಸವರಿತು. "ಹಿಂದಿನ ಹಲಗೆಗೆ ಚೆಂಡು ಬಡಿದ ಸದ್ದು, ಕೇಳಿ."

ನಮಗೆ ಕೇಳಿಸಿತು. ಕಣ ಚಪ್ಪಾಳೆ ಹೊಡೆಯಿತು, ಕೋವಿ ಇನ್ನೊಂದು ಸಲ ಹಾರಿತು.

ಯಜಮಾನರು ಅದೇ ದಿನ ಬಂಗಲೆಗೆ ಹೋಗಿ, ಪೆಟ್ಟಿಗೆ ಒಡೆದು ಬಳಸಿದ ಸೆಟ್ಟಿದು, ಬೇಡವಾದ್ರೆ ಬೇರೆ ತರಿಸಿ ಕೊಡ್ತೀನಿ ಎಂದರಂತೆ. ಬಂಗಲೆಯ ಧಣಿಗಳು, "ಫೈನಲ್ ಕೇಳಿಸಿದ ಸೆಟ್ಟು ಇದೇನಾ? ಹಾಗಾದ್ರೆ ಇದೇ ಇರಲಿ" ಎಂದರಂತೆ. ಮಾರನೆಯ ಬೆಳಿಗ್ಗೆ ನಾನು ಕೆಲಸ ಹೋಗುತ್ತದೆಂದು ಸಿದ್ಧವಾಗಿಯೇ ಅಂಗಡಿಗೆ ಹೋದೆ. ನನ್ನ ಮೇಜಿನ ಮೇಲೆ ಒಂದು ಡಬ್ಬ ತುಂಬ ಕಂಪನಿಯ ಪ್ಲಗ್ಗುಗಳಿದ್ದವು.

"ಇನ್ಮೇಲೆ ನೀನು ಏನ್ ಬೇಕಾದ್ರೂ ಜೋಡ್ಸು," ಎಂದರು ಯಜಮಾನರು. "ಇದೊಂದು ಹಾಕಿ ಜೋಡ್ಸು."

ಮುಂದೆ ಟ್ರಾನ್ಸಿಸ್ಟರ್ ಬಂತು, ವಾಲ್ವು ಹೋಯಿತು, ಲೈಸೆನ್ಸೂ ಹೋಯಿತು, ಬಿಚ್ಚಿದರೆ ಮತ್ತೆ ಕೂಡಿಸಲಾಗದ ಸೆಟ್ಟುಗಳೂ ಬಂದವು. ವಾಲ್ವಿನ ಕಾಲ ಮುಗಿಯುವವರೆಗೆ ಪ್ಲಗ್ಗಿಲ್ಲದ ಒಂದು ಸೆಟ್ಟೂ ನನ್ನ ಕೈಯಿಂದ ಹೊರಗೆ ಹೋಗಲಿಲ್ಲ. ಗುಂಡಿಗಳನ್ನು ಮಾತ್ರ ಕೊಳ್ಳುವವರ ಬೆರಳು ನೋಡಿಯೇ ಮಾಡಿದೆ. ಆ ಇಬ್ಬರು ಯುವಕರಿಗೆ ಹೇಳಬೇಕಾಗಿದ್ದದ್ದು ಇಷ್ಟೇ ಇರಬಹುದು.

ಫೈನಲ್ ಮುಗಿದ ಎರಡು ದಿನಕ್ಕೆ ಹೊಸ ವಾಲ್ವುಗಳನ್ನು, ಒಂದು ಪ್ಲಗ್ಗನ್ನು ತೆಗೆದುಕೊಂಡು ನಾನು ಚೆಟ್ಟಳ್ಳಿಗೆ ಹೋದಾಗ ಸುಬೇದಾರರ ಮನೆಗೆ ಪೇಪರು ಬಂದಿತ್ತು. ಬೋಜವ್ವ ತೋಟಕ್ಕೆ ಹೋಗಿದ್ದರು. "ಹಾಕಿ ಸುದ್ದಿ ಓದು" ಎಂದರು ಸುಬೇದಾರರು. ಓದುತ್ತ ಗೋಲಿನ ಹತ್ತಿರ ಬಂದಾಗ ನನ್ನ ದನಿ ಸಣ್ಣದಾಯಿತು. ಮೂರು ಜನರನ್ನು ದಾಟಿದ್ದೂ ಇರಲಿಲ್ಲ, ಗೆರೆಯಂಚಿನಲ್ಲಿ ಓಡಿದ್ದೂ ಇರಲಿಲ್ಲ. ಪೆನಾಲ್ಟಿ ಸ್ಟ್ರೋಕು. ಎದುರಿಗೆ ಗೋಲಿ ಒಬ್ಬನೇ, ಚೆಂಡು ಇಟ್ಟರು, ಒಬ್ಬ ಬಂದು ತಳ್ಳಿದ.

ಸುಬೇದಾರರು ನನ್ನ ಕಡೆಗೆ ಕಿವಿ ತಿರುಗಿಸಿದರು.

"ಅಷ್ಟೇನಾ?"

"ಅಷ್ಟೇ ಬರೆದಿದ್ದಾರೆ ಸುಬೇದಾರ್ರೆ."

"ಅದು ಕಂಪನಿ ಗೋಲು," ಎಂದರು. "ಮೊನ್ನೆ ಕಣದಲ್ಲಿ ಹೊಡೆದದ್ದು ನಾವೇ ಜೋಡಿಸಿದ್ದು. ಲೈನಿನವರ ಹತ್ರ ಎಂತದೂ ಹೇಳೋಕೆ ಹೋಗ್ಬೇಡ. ಆ ಪೇಪರ್ ಮಡಚಿ ಒಲೆಗೆ ಹಾಕು, ಕಾಫಿ ಕಾಯ್ಲಿ."